ಒಂದೇ ತೋಳಿನ ಬುಗ್ಗೆ

ಹಳೇ ಬಟ್ಟೆಗಳ ಚರಿತ್ರೆ ಪಾಠ ಮಾಡುವವನಿಗೆ ಅದೇನು ಗಾಬರಿ ಇದ್ದೀತು ಅಂತ ನೀವು ಕೇಳಬಹುದು. ಇಂದಿರಾನಗರದ ಕಾಲೇಜಿನಲ್ಲಿ ವರ್ಷಗಟ್ಟಲೆ ಆ ಪಾಠ ಮಾಡಿದೆ. ಎದೆ ಧಸಕ್ಕೆನ್ನದ ವಾರ ನೆನಪಿಲ್ಲ. ತೊಂಬತ್ತರ ದಶಕದ ಕೊನೆಯಲ್ಲಿ ಒಂದೇ ಒಂದು ರವಿಕೆ ಮೂರು ಸಲ ಉಸಿರು ನಿಲ್ಲಿಸಿತ್ತು. ಈಗ ನಿವೃತ್ತನಾಗಿ ಲಿಂಗರಾಜಪುರದ ಮನೆಯಲ್ಲಿ ಕೂತು ನೆನೆದರೆ, ಕಾಫಿ ಲೋಟ ಕೆಳಗಿಟ್ಟು ನಗಬೇಕಾಗುತ್ತೆ.

ಹತ್ತು ಅಂಕ

ಹಲಸೂರಿನ ಅಜ್ಜಿಯೊಬ್ಬರು ತಮ್ಮ ಮದುವೆಯ ರೇಷ್ಮೆ ರವಿಕೆಯನ್ನು ಪಾಠಕ್ಕೆಂದು ಕೊಟ್ಟಿದ್ದರು. ಬಲತೋಳಿಗೆ ನೆರಿಗೆ ಹಿಡಿದು ಉಬ್ಬಿಸಿದ ದೊಡ್ಡ ಬುಗ್ಗೆ, ಎಡತೋಳು ಬರೀ ಬಿಗಿ. ಅಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಬಲಗೈಗೆ ದಂಡುಪ್ರದೇಶದ ಬ್ರಿಟಿಷ್ ದೊರೆಸಾನಿಯರ ಫ್ಯಾಷನ್ನು, ಎಡಗೈಗೆ ನಮ್ಮ ಸಂಪ್ರದಾಯ, ಎರಡು ಸಂಸ್ಕೃತಿ ಒಂದೇ ಮೈಮೇಲೆ ಅಂತ ಸಿದ್ಧಾಂತ ಕಟ್ಟಿ, ಪಾಠ ಮಾಡಿ, ಪರೀಕ್ಷೆಗೆ ಹತ್ತು ಅಂಕದ ಪ್ರಶ್ನೆಯನ್ನೂ ಹಾಕಿದೆ. ಒಬ್ಬ ಹುಡುಗಿ ಮಾತ್ರ ‘ಬಟ್ಟೆ ಸಾಲದೇ ಹೋಗಿರಬಹುದು’ ಅಂತ ಒಂದೇ ಸಾಲು ಬರೆದಿದ್ದಳು. ಸೊನ್ನೆ ಕೊಟ್ಟೆ. ಅದನ್ನು ಇಡೀ ತರಗತಿಗೆ ಓದಿ ಹೇಳಿ ನಗಿಸಿಯೂ ಬಿಟ್ಟೆ.

ತಲೆ

ಕಾಲೇಜಿನಲ್ಲೇ ಒಂದು ಪ್ರದರ್ಶನಕ್ಕೆ ತಯಾರಿ ನಡೆಸಿದೆವು. ರವಿಕೆಯನ್ನು ತಲೆಯಿಲ್ಲದ ಬೊಂಬೆಗೆ ತೊಡಿಸಿದೆ. ನೋಡುವವರ ಕಣ್ಣು ಬಟ್ಟೆಯ ಮೇಲೇ ಇರಲಿ ಅಂತ ಮ್ಯೂಸಿಯಂಗಳಲ್ಲಿ ಹಾಗೆ ಮಾಡುವುದುಂಟು. ತಯಾರಿ ನೋಡಲು ಬಂದ ಅಜ್ಜಿ ಬೆಚ್ಚಿಬಿದ್ದರು.

“ನಾನಿನ್ನೂ ಬದುಕಿದೀನಿ ಕಣಪ್ಪಾ. ನನ್ನ ತಲೆ ಎಲ್ಲಿ?”

ಶಿವಾಜಿನಗರದ ಬಟ್ಟೆ ಅಂಗಡಿಯಿಂದ ತಲೆಯಿದ್ದ ಬೊಂಬೆ ತಂದೆ. ನೀಲಿ ಕಣ್ಣು, ಚಿನ್ನದ ಬಣ್ಣದ ಕೂದಲು. ಅಜ್ಜಿ ಅದರ ಸುತ್ತ ಒಂದು ಸುತ್ತು ಬಂದರು.

“ಬೇಡಪ್ಪಾ, ತಲೆ ತೆಗ್ಸು. ನಮ್ಮ ಯಜಮಾನ್ರು ಇದ್ದಿದ್ರೆ ಇವಳನ್ನೇ ನೋಡ್ತಿದ್ರು.”

ರಿಪೇರಿ

ಉದ್ಘಾಟನೆಗೆ ಮುಂಚೆ ನೋಡಿದರೆ ರವಿಕೆಯ ಒಂದು ಹುಕ್ಕು ಸಡಿಲವಾಗಿತ್ತು. ಶಿವಾಜಿನಗರದ ದರ್ಜಿ ಸಾಹೇಬರಿಗೆ ಕೊಟ್ಟೆ. ಸಂಜೆ ಹೋಗಿ ನೋಡಿದರೆ ಬಲತೋಳೂ ಬಿಗಿ.

“ಯಾರೋ ಮಿಸ್ಟೇಕ್ ಮಾಡಿದ್ರು ಸಾರ್. ಸರಿ ಮಾಡ್ಬಿಟ್ಟೆ. ಫ್ರೀ.”

ನನ್ನ ಸಿದ್ಧಾಂತಕ್ಕಿದ್ದದ್ದು ಅದೊಂದೇ ಸಾಕ್ಷಿ. ತೋಳನ್ನು ಒಳಹೊರಗು ಮಾಡಿ ನೋಡಿದೆ. ಪುಣ್ಯಕ್ಕೆ ಅವರು ಬಟ್ಟೆ ಕತ್ತರಿಸಿರಲಿಲ್ಲ, ಒಳಗೆ ಮಡಚಿ ಹೊಲಿದಿದ್ದರು. ಮೊದಲಿದ್ದ ಹಾಗೇ ಮಾಡಿಕೊಡಿ ಅಂತ ಗೋಗರೆದೆ.

“ಮಿಸ್ಟೇಕ್ ವಾಪಸ್ ಹಾಕ್ಬೇಕಾ?”

“ಹೌದು.”

“ಅದಕ್ಕೆ ಚಾರ್ಜ್ ಆಗತ್ತೆ ಸಾರ್.”

ಉದ್ಘಾಟನೆ

ಮ್ಯೂಸಿಯಂ ಒಂದರಿಂದ ತಜ್ಞರು ಬಂದಿದ್ದರು. ಅವರ ಮುಂದೆ, ನನ್ನ ಇಡೀ ತರಗತಿಯ ಮುಂದೆ, ಎರಡು ಸಂಸ್ಕೃತಿಯ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ತಜ್ಞರು ಬರೆದುಕೊಳ್ಳುತ್ತಿದ್ದರು. ಆ ಉಮೇದಿನಲ್ಲಿ, ಮುಂದಿನ ಸಾಲಿನಲ್ಲಿದ್ದ ಅಜ್ಜಿಯ ಕಡೆ ತಿರುಗಿದೆ.

“ಅಮ್ಮಾ, ಈ ತೋಳಿನ ಬಗ್ಗೆ ನೀವೂ ಒಂದು ಮಾತು ಹೇಳಿ.”

“ಹೇಳಕ್ಕೇನಿದೆ? ಬಟ್ಟೆ ಸಾಲ್ಲಿಲ್ಲ. ಎಡಗಡೆ ಹೆಂಗೂ ಸೆರಗು ಮುಚ್ಕೊಳ್ಳತ್ತೆ ಅಂತ ನಮ್ಮ ದರ್ಜಿ ಇದ್ದದ್ದನ್ನೆಲ್ಲ ಬಲಗಡೆಗೇ ಹಾಕ್ಬಿಟ್ಟ.”

ತಜ್ಞರ ಪೆನ್ನು ನಿಂತಿತು. ನನ್ನ ಉಸಿರೂ. ಹಿಂದಿನ ಸಾಲಿನಲ್ಲಿ ಆ ಸೊನ್ನೆಯ ಹುಡುಗಿ ನಿಧಾನಕ್ಕೆ ಕೈ ಎತ್ತಿದಳು.

“ಸಾರ್, ನನ್ನ ಹತ್ತು ಮಾರ್ಕ್ಸು?”