ಊರು ಸುತ್ತುವ ಬೋರಮಾಳ ಸರ

ನಮ್ಮ ಕಡೆ ಹೆಣ್ಣು ನೋಡಲು ಬಂದವರು ಮೊದಲು ಒಪ್ಪುವುದು ಹೆಣ್ಣನ್ನಲ್ಲ, ನಮ್ಮತ್ತೆಯ ಸರವನ್ನು! ಬೈಲಹೊಂಗಲದಿಂದ ಹಿಡಿದು ಕಿತ್ತೂರು, ಸವದತ್ತಿ, ರಾಮದುರ್ಗದವರೆಗೆ ಹೋಗಿ ಯಾವ ಮನೆಯ ನಿಶ್ಚಯದ ಅಲ್ಬಮ್ ಬೇಕಾದರೂ ತೆಗೆದು ನೋಡಿ. ಹುಡುಗಿ ಬೇರೆ, ಹುಡುಗ ಬೇರೆ, ಹಿಂದಿನ ಪರದೆ ಬೇರೆ. ಕೊರಳಲ್ಲಿ ಮಾತ್ರ ಅದೇ ಐದೆಳೆಯ ಬೋರಮಾಳ ಸರ. ಉತ್ಪ್ರೇಕ್ಷೆ ಅಂದಿರಾ? ಸ್ವಲ್ಪ ಇರಬಹುದು. ಆದರೆ ನಮ್ಮತ್ತೆಯ ವಿಷಯದಲ್ಲಿ ನಾವು ಎಷ್ಟು ಉತ್ಪ್ರೇಕ್ಷೆ ಮಾಡಿದರೂ ಆಕೆ ಅದನ್ನು ದಾಟಿ ಮುಂದೆ ಹೋಗಿ ನಿಂತಿರುತ್ತಾಳೆ.

ಅತ್ತೆ ಅಂದರೆ ಗಂಡನ ತಾಯಿ ಅಂತ ತಿಳಿಯಬೇಡಿ. ಗಂಡನ ತಾಯಿಯ ಬಗ್ಗೆ ಹೀಗೆಲ್ಲ ಬರೆದು ಬದುಕಿದವರುಂಟೇ? ಈಕೆ ನನ್ನ ಅಪ್ಪನ ಅಕ್ಕ. ಬೈಲಹೊಂಗಲದಲ್ಲಿ ಮನೆ. ಇಬ್ಬರು ಗಂಡುಮಕ್ಕಳು, ಹೆಣ್ಣುಮಕ್ಕಳಿಲ್ಲ. ಮಾವ ಪ್ಯಾಟಿಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಮದುವೆಯಾದ ಹೊಸದರಲ್ಲಿ ಅತ್ತೆಗೆ ಒಂದೇ ಒಂದು ಕನಸು, ಬೋರಮಾಳ ಸರ. ಬೋರೆಹಣ್ಣಿನಂಥ ಬಂಗಾರದ ಗುಂಡುಗಳನ್ನು ಪೋಣಿಸಿ ಹಿಂದೆ ಕೆಂಪು ರೇಷ್ಮೆ ದಾರ ಕಟ್ಟಿದ ಸರ. ಅದು ಹೇಗಿರಬೇಕು ಎಂದು ಬೆಳಿಗ್ಗೆ ಎದ್ದವಳೇ ಜೋಳದ ಹಿಟ್ಟಿನಲ್ಲಿ ಗುಂಡು ಮಾಡಿ ಮಾಡಿ ಮಾವನಿಗೆ ತೋರಿಸುತ್ತಿದ್ದಳಂತೆ. ರೊಟ್ಟಿಯಾಗಬೇಕಾದ ಹಿಟ್ಟೆಲ್ಲ ಒಡವೆಯಾಗಿ ಹೋಗುವುದನ್ನು ನೋಡಲಾರದೆ, ಹಸಿದ ಹೊಟ್ಟೆಯಲ್ಲೇ ಮಾವ ಪತ್ತಾರನ ಹತ್ತಿರ ಹೋಗಿ ಬಂಗಾರದ ಸರ ಮಾಡಲು ಹೇಳಿ ಬಂದರು.

ಸರ ಬಂತು. ಅತ್ತೆ ಹಾಕಿಕೊಂಡು ಕನ್ನಡಿಯ ಮುಂದೆ ನಿಂತಳು. ಕುತ್ತಿಗೆ ಬಗ್ಗಿಸಿದಳು, ಎತ್ತಿದಳು, ಮತ್ತೆ ಬಗ್ಗಿಸಿದಳು. ಆಮೇಲೆ ಬೇಸತ್ತು ಬಿಚ್ಚಿಟ್ಟಳು.

"ಯಾಕ, ಸೇರಲಿಲ್ಲೇನ?" ಎಂದು ಮಾವ ಗಾಬರಿಯಾದರು.

"ಸೇರದೇನ್ರಿ, ಜೀವ ಐತಿ ಅದರ ಮ್ಯಾಲ. ಆದ್ರ ನನ್ನ ಕೊರಳಾಗಿದ್ರ ಊರ ಮಂದಿಗೆಲ್ಲ ಕಾಣತೈತಿ, ನನಗೊಬ್ಬಾಕಿಗೆ ಕಾಣಂಗಿಲ್ಲ! ಬ್ಯಾರೇದವರ ಕೊರಳಾಗ ಹಾಕಿದ್ರ ಎದರಿಗೆ ಕುಂತು ನೋಡಬಹುದಲ್ಲ."

ಮಾವ ಅಂಗಡಿಗೆ ಹೋದರು. ಅಂದಿನಿಂದ ಸರದ ಸಂಚಾರ ಶುರುವಾಯಿತು. ನೆಂಟರಲ್ಲಿ, ಓಣಿಯಲ್ಲಿ, ನೆಂಟರ ಓಣಿಯಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬರುತ್ತಾರೆಂದರೂ ಅತ್ತೆಗೆ ಸುದ್ದಿ ಬರುತ್ತಿತ್ತು. ಸರ ಕೊಡುವುದಕ್ಕೆ ಆಕೆ ಒಲ್ಲೆ ಎಂದದ್ದೇ ಇಲ್ಲ. ಆದರೆ ಕರಾರುಗಳಿದ್ದವು. ಸರ ಒಂದೇ ಬರುವುದಿಲ್ಲ, ಜೊತೆಗೆ ತಾನೂ ಬರುತ್ತಾಳೆ. ಸರ ಹಾಕಿಕೊಂಡ ಹುಡುಗಿ ಜೋರಾಗಿ ಸೀನಬಾರದು. ಹುಡುಗನ ಪಗಾರ ಕೇಳಿ ಉದ್ದನೆಯ ಉಸಿರು ಬಿಡಬಾರದು, ದಾರ ಸಡಿಲಾಗುತ್ತದೆ! ಇನ್ನು ಸಂಬಂಧ ಕುದುರಿ ನಿಶ್ಚಯವಾಯಿತೋ, ಅವತ್ತು ಎಲ್ಲರ ಮುಂದೆ ಹುಡುಗಿಯ ಕೊರಳಿಗೆ ಸರ ಹಾಕಿ ಹಿಂದಿನ ದಾರ ಕಟ್ಟುವವಳು ಅತ್ತೆಯೇ. ಆ ಕೆಲಸವನ್ನು ಮಾತ್ರ ಯಾರಿಗೂ ಬಿಡುತ್ತಿರಲಿಲ್ಲ. ದಾರ ಕಟ್ಟಿ, ಬಂದು ಎದುರಿಗೆ ಜಮಖಾನೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಹಬ್ಬದ ಊಟ ಮಾಡುವವರ ಹಾಗೆ ನೋಡುತ್ತಿದ್ದಳು.

ಸರ ಬಸ್ಸಿನಲ್ಲಿ ಹೋಗುವ ರೀತಿಯೇ ಬೇರೆ. ಪರ್ಸಿನಲ್ಲಿಟ್ಟರೆ ಕಳ್ಳರಿಗೆ ಗೊತ್ತಾಗುತ್ತದೆ ಎಂದು ಅದನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿ ಗುರೆಳ್ಳ ಚಟ್ನಿಯ ಒಳಗೆ ಹುಗಿಯುತ್ತಿದ್ದಳು. ಪಕ್ಕದ ಸೀಟಿನಲ್ಲಿ ಡಬ್ಬಿಯನ್ನು ಕೂಡಿಸಿಕೊಳ್ಳುತ್ತಿದ್ದಳು. ಒಮ್ಮೆ ಕಂಡಕ್ಟರ್, "ಅಜ್ಜಿ, ಡಬ್ಬಿಗೊಂದು ಸೀಟ ಯಾಕ್ರಿ?" ಎಂದು ಕೇಳಿದ. "ಕನ್ಯಾ ನೋಡೋ ಕಾರ್ಯಕ್ಕ ಹೊಂಟೈತಪ್ಪಾ, ಮುದುಡಬಾರದು," ಎಂದಳು. ಕಂಡಕ್ಟರ್ ಡಬ್ಬಿಯನ್ನೂ ಅತ್ತೆಯನ್ನೂ ನೋಡಿ ಮುಂದಿನ ಸೀಟಿಗೆ ಹೋದ.

ಆ ಚಟ್ನಿ ಡಬ್ಬಿ ನನ್ನ ಬಾಳಿನಲ್ಲೂ ಕೈಯಾಡಿಸಿದೆ. ಸವದತ್ತಿಯಲ್ಲಿ ನನ್ನ ತವರುಮನೆ. ನನ್ನನ್ನು ನೋಡಲು ಮುನವಳ್ಳಿಯವರು ಬರುವವರಿದ್ದರು. ಬಸ್ಸು ಬೇಗ ಸಿಕ್ಕಿತೆಂದು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕುಳಿತರು! ನನ್ನ ತಲೆಯೇ ಇನ್ನೂ ಹೆಣೆದಿರಲಿಲ್ಲ. ಅತ್ತೆ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದಳು. ಹೇಗಾದರೂ ಹೊತ್ತು ದೂಡಬೇಕಲ್ಲ, ಅವ್ವ ಬೀಗರನ್ನು ಊಟಕ್ಕೆ ಕೂಡಿಸಿಬಿಟ್ಟಳು. ರೊಟ್ಟಿ ಬಡಿಸಿದಳು, ಪಲ್ಯ ಬಡಿಸಿದಳು. ಅತ್ತೆ ತಂದ ಚಟ್ನಿ ಕಣ್ಣಿಗೆ ಬಿತ್ತು. ಚಮಚ ಸಿಗದೆ ಡಬ್ಬಿಯನ್ನೇ ತಾಟಿನ ಮೇಲೆ ಬಗ್ಗಿಸಿ ತಟ್ಟಿದಳು. ಚಟ್ನಿಯ ಜೊತೆ ಏನೋ ದೊಪ್ಪನೆ ಬಿತ್ತು. ಹುಡುಗನ ಅಪ್ಪ ಹಾಳೆ ಬಿಡಿಸಿ ನೋಡಿ ಬಾಯಿ ತೆರೆದವರು ಮುಚ್ಚಲಿಲ್ಲ.

"ಏನ್ರಿ ಇದು! ಇನ್ನೂ ಹುಡುಗೀನ ನೋಡಿಲ್ಲ, ಆಗಲೇ ಬಂಗಾರ ಬಡಸಾಕ ಹತ್ತೀರಲ್ಲ!"

ಅಷ್ಟರಲ್ಲಿ ಅತ್ತೆ ಒದ್ದೆ ಕಾಲಲ್ಲೇ ಓಡಿಬಂದಳು. "ಅದು ನೋಡಾಕಷ್ಟ ರೀ, ಉಣ್ಣಾಕಲ್ಲ. ಇತ್ತ ಕೊಡ್ರಿ. ಚಟ್ನಿ ಬೇಕಾದ್ರ ಇನ್ನೊಂಚೂರು ಹಾಕ್ಕೊಳ್ರಿ."

ಸಂಬಂಧವೇನೋ ಕೂಡಿತು. ಆದರೆ ತೊಳೆಯಲು ಹೊತ್ತೆಲ್ಲಿತ್ತು? ಸೆರಗಿನಿಂದ ಒರೆಸಿ ಹಾಗೇ ನನ್ನ ಕೊರಳಿಗೆ ಹಾಕಿದರು. "ನಿನ್ನ ಮೊದಲನೇ ಸಲ ನೋಡಿದಾಗ ಎಲ್ಲಿಂದಲೋ ಬಳ್ಳೊಳ್ಳಿ ವಾಸನೆ ಬರಾಕ ಹತ್ತಿತ್ತು," ಎಂದು ನಮ್ಮವರು ಇವತ್ತಿಗೂ ಹೇಳುತ್ತಾರೆ. ಬೇರೆಯವರ ಗಂಡಂದಿರು ಮಲ್ಲಿಗೆಯನ್ನು ನೆನೆಯುತ್ತಾರೆ, ನನ್ನ ಹಣೆಬರಹ ನೋಡಿ!

ಸರ ಹೀಗೆ ಊರೂರು ಸುತ್ತಿದರೆ ಒಂದಲ್ಲ ಒಂದು ದಿನ ಸಿಕ್ಕಿಬೀಳಬೇಕಲ್ಲವೇ? ಬಿತ್ತು. ನನ್ನ ಕಾಕಾನ ಮಗಳನ್ನು ನೋಡಲು ರಾಮದುರ್ಗದಿಂದ ಬಂದಿದ್ದರು. ಹುಡುಗನ ತಾಯಿಯ ಕಣ್ಣು ಬಲು ಚುರುಕು. ಹುಡುಗಿಯ ಮುಖ ನೋಡಿದರು, ಕೊರಳು ನೋಡಿದರು, ಆಮೇಲೆ ಕೊರಳನ್ನೇ ನೋಡಿದರು.

"ಈ ಸರಾ ನಾವು ಕಿತ್ತೂರಾಗ ನೋಡಿದ್ವಿ. ಆಮ್ಯಾಲ ಮುನವಳ್ಳಿಯಾಗ ನೋಡಿದ್ವಿ. ಈಗ ಇಲ್ಲೆ ನೋಡಾಕ ಹತ್ತೇವಿ. ಏನ್ರಿ, ಬಾಡಗಿದೇನಿದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ, ಹಾಗೆ ನಮ್ಮ ಕಾಕಿ ತನ್ನ ಬರಿಗೊರಳನ್ನೇ ಮುಟ್ಟಿ ನೋಡಿಕೊಂಡಳು. ಕಾಕಾ ಫ್ಯಾನಿನ ಕಡೆ ನೋಡಿದ. ಎದುರಿಗೆ ಕುಳಿತಿದ್ದ ಅತ್ತೆ ಮಾತ್ರ ಅಲುಗಾಡಲಿಲ್ಲ.

"ಹೌದ್ರಿ, ಸರಾ ಒಂದ, ಹುಡುಗ್ಯಾರು ಮೂರು. ನಿಮ್ಮ ಹುಡುಗನೂ ಒಬ್ಬನ, ಮೂರು ಮನ್ಯಾಗ ಉಪ್ಪಿಟ್ಟು ತಿಂದಾನ. ನಾವೇನರ ಕೇಳಿದ್ವಿ?"

ಹುಡುಗ ಬಾಯಲ್ಲಿದ್ದ ಉಪ್ಪಿಟ್ಟು ನುಂಗಲಾರದೆ ಕೆಮ್ಮಿದ. ಮೊದಲು ನಕ್ಕವಳು ಹುಡುಗಿ. ಆಮೇಲೆ ಹುಡುಗ ನಕ್ಕ. ಕೊನೆಗೆ ಅವನ ತಾಯಿಗೂ ತಡೆಯಲಾಗಲಿಲ್ಲ. ಈಗ ಆ ಮನೆಯಲ್ಲಿ ಎರಡು ಮಕ್ಕಳು ಓಡಾಡುತ್ತಿವೆ. ಉಪ್ಪಿಟ್ಟು ಮಾಡಿದಾಗಲೆಲ್ಲ ಅತ್ತೆಯ ಹೆಸರು ಬರುತ್ತದಂತೆ.

ಸರದ ಮೇಲೆ ಇಷ್ಟು ಪ್ರೀತಿಯಿದ್ದ ಅತ್ತೆಗೆ ಉಂಗುರವೆಂದರೆ ಮಾತ್ರ ಆಗದು. "ಉಂಗುರಾ ಅಂದ್ರ ಸ್ವಾರ್ಥದ ಒಡವಿ. ಹಾಕ್ಕೊಂಡಾಕಿನ ನೋಡಿಕೋತ ಕುಂದರತಾಳ. ಮಂದಿಗೇನ ಸಿಗತೈತಿ?" ಎನ್ನುವುದು ಆಕೆಯ ವಾದ. ಆದರೆ ಕಾಲ ಕೇಳಬೇಕಲ್ಲ! ಈಗ ನಿಶ್ಚಯವೆಂದರೆ ಉಂಗುರವೇ ದೊಡ್ಡದು. ಕಿತ್ತೂರಿನ ಒಂದು ಮಂಗಲ ಕಾರ್ಯಾಲಯದಲ್ಲಿ ದೂರದ ನೆಂಟರ ಹುಡುಗಿಯ ನಿಶ್ಚಯಕ್ಕೆ ಹೋಗಿದ್ದೆವು. ಬಣ್ಣದ ದೀಪ, ಹೊಗೆ ಬಿಡುವ ಯಂತ್ರ, ಎರಡು ಕ್ಯಾಮೆರಾ. ಫೋಟೋದವನು ಹೇಳಿಕೊಟ್ಟಂತೆ ಹುಡುಗ ಉಂಗುರ ಹಿಡಿದು ಹುಡುಗಿಯ ಮುಂದೆ ಒಂದು ಮೊಣಕಾಲೂರಿ ಕುಳಿತ. ಹೊಗೆಯಲ್ಲಿ ಅತ್ತೆಗೆ ಅವನ ಬೆನ್ನಷ್ಟೇ ಕಂಡಿತು.

"ಅಯ್ಯ ಶಿವನ! ಏನ ಬಿತ್ತೋ ಯಪ್ಪಾ? ತಡಿ, ನೀ ತುಳೀಬ್ಯಾಡ, ಹುಡುಕೂಣು!" ಎಂದವಳೇ ತಾನೂ ನೆಲಕ್ಕೆ ಕೈಯೂರಿದಳು. ಅತ್ತೆ ಹುಡುಕುತ್ತಾಳೆಂದರೆ ಬಂಗಾರವೇ ಬಿದ್ದಿರಬೇಕು ಎಂದು ಹಿಂದಿನ ಸಾಲಿನ ನಾಲ್ಕು ಹೆಂಗಸರು ಬಗ್ಗಿದರು. ಅವರನ್ನು ನೋಡಿ ಗಂಡಸರೂ ಕುರ್ಚಿ ಸರಿಸತೊಡಗಿದರು. ವೀಡಿಯೋದಲ್ಲಿ ಈಗಲೂ ಇದೆ: ಹುಡುಗಿಯೊಬ್ಬಳೇ ನೆಟ್ಟಗೆ ನಿಂತಿದ್ದಾಳೆ, ಉಳಿದ ಸಭೆಯೆಲ್ಲ ನೆಲ ತಡವುತ್ತಿದೆ.

ಇಂಥ ಅತ್ತೆ ಒಂದು ದಿನ ಅಡಿಗೆಮನೆಗೆ ಸರಿದಳು.

ಮಾವ ತೀರಿಕೊಂಡ ಮೇಲಿನ ಮಾತು ಇದು. ಸರದ ಸಂಚಾರ ನಿಲ್ಲಲಿಲ್ಲ. ಅತ್ತೆಯೂ ಡಬ್ಬಿ ಹಿಡಿದುಕೊಂಡು ಬರುತ್ತಿದ್ದಳು, ಬಸ್ಸಿನಲ್ಲಿ ಜಗಳವನ್ನೂ ಆಡುತ್ತಿದ್ದಳು. ಆದರೆ ನಿಶ್ಚಯದ ಮನೆಗೆ ಬಂದವಳು ಸೀದಾ ಒಳಗೆ ಹೋಗಿ ಗ್ಯಾಸಿನ ಪಕ್ಕ ಕುಳಿತುಬಿಡುತ್ತಿದ್ದಳು. ಸರ ಮಾತ್ರ ಹೊರಗೆ ಹೋಗುತ್ತಿತ್ತು. ಯಾರಾದರೂ ಮುತ್ತೈದೆ ಅದನ್ನು ಹುಡುಗಿಗೆ ಹಾಕುತ್ತಿದ್ದಳು. "ಅತ್ತಿ, ಹೊರಗ ಬಾ," ಎಂದರೆ, "ಕಾಲ ನೋಯ್ತಾವವಾ, ಇಲ್ಲೇ ಛಲೋ ಐತಿ," ಎನ್ನುತ್ತಿದ್ದಳು. ನಾವೆಲ್ಲ ಜಾತಿಯಿಲ್ಲ, ಮೈಲಿಗೆಯಿಲ್ಲ, ಎಲ್ಲರೂ ಒಂದೇ ಎಂದು ದಿನಾ ಹೇಳುವ ಮನೆತನದವರು. ಯಾರೂ ಆಕೆಗೆ ಬರಬೇಡ ಅಂದವರಲ್ಲ. ಕೈಹಿಡಿದು ಕರೆತಂದವರೂ ಇಲ್ಲ. ನೋಡಲೆಂದೇ ಮಾಡಿಸಿಕೊಂಡ ಸರವನ್ನು ಆಕೆ ಎಷ್ಟೋ ನಿಶ್ಚಯಗಳಲ್ಲಿ ನೋಡಲೇ ಇಲ್ಲ.

ಹೋದ ವರ್ಷ ನನ್ನ ಮಗಳ ನಿಶ್ಚಯಕ್ಕೆ ದಿನ ಗೊತ್ತಾಯಿತು. ಹುಡುಗ ಸುರೇಬಾನದವನು. ಕಾರ್ಯ ಮುನವಳ್ಳಿಯ ನಮ್ಮ ಮನೆಯಲ್ಲೇ. "ದಾರ ನೀನ ಕಟ್ಟಬೇಕು," ಎಂದು ಅತ್ತೆಗೆ ಮೊದಲೇ ಹೇಳಿದೆ. ಬೇಡಿಕೊಂಡೆ. ಸಿಟ್ಟು ಮಾಡಿದೆ. ಮಾತು ಬಿಡುತ್ತೇನೆ ಅಂತ ಹೆದರಿಸಿದೆ.

"ಹುಚ್ಚಿ ಇದ್ದೀ ನೀ. ಬೀಗರು ಏನರ ಒಂದು ಮಾತ ಅಂದ್ರ ನನಗೇನ ಆಗಂಗಿಲ್ಲ. ಕೂಸಿನ ಮನಸಿಗೆ ಹತ್ತತೈತಿ. ಆಕಿ ಬಾಳೇವು ಮಾಡಾಕಿ," ಎಂದಳು.

ನಿಶ್ಚಯದ ದಿನ ಬಂತು. ಹೊರಗೆ ಪಡಸಾಲೆ ತುಂಬ ಮಂದಿ. ಮಗಳು ಹಸಿರು ಸೀರೆಯುಟ್ಟು ಮಣೆಯ ಮೇಲೆ ಕುಳಿತಿದ್ದಳು. ಸರ ತರಲು ಅಡಿಗೆಮನೆಗೆ ಹೋದೆ. ಅತ್ತೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಅಷ್ಟರಲ್ಲಿ ಹಿಂದಿನಿಂದ ಹುಡುಗನ ತಾಯಿ ಒಳಗೆ ಬಂದರು. ತೆಳ್ಳಗಿನ ಹೆಂಗಸು. ಹಣೆಯ ಮೇಲೆ ವಿಭೂತಿ ಮಾತ್ರ. ನೀರು ಬೇಕೇನೋ ಎಂದು ನಾನು ತಂಬಿಗೆಗೆ ಕೈ ಹಾಕಿದೆ.

"ನೀರ ಬ್ಯಾಡ್ರಿ," ಎಂದರು ಅವರು, ಗೋಡೆಗೆ ಒರಗಿ ಕೂಡುತ್ತ. "ಹೊರಗ ನಮ್ಮ ನೆಗೆಣ್ಣಿ ಅದಾಳ, ಮೈದುನನ ಹೇಣ್ತಿ, ಉಡಿ ತುಂಬೋದು ಎಲ್ಲಾ ಆಕಿ ಮಾಡತಾಳ. ನಾ ಇಲ್ಲೇ ಕುಂದರತೇನಿ. ನನಗ ಕಾಲ ನೋಯ್ತಾವು."

ಅತ್ತೆ ತಲೆಯೆತ್ತಿ ಅವರನ್ನು ನೋಡಿದಳು. ಎಷ್ಟು ಹೊತ್ತು ನೋಡಿದಳೋ! ಹಾಲು ಉಕ್ಕಿ ಗ್ಯಾಸು ಆರಿತು, ಯಾರಿಗೂ ಲಕ್ಷ್ಯವಿಲ್ಲ.

"ಯಾವ ಕಾಲ್ರಿ?"

"ಆಂ... ಎರಡೂ ರೀ."

"ಸುಳ್ಳ! ಸುರೇಬಾನದಿಂದ ಇಲ್ಲೀತನಕ ಬಂದ ಕಾಲು, ಅಡಗಿಮನಿಂದ ಪಡಸಾಲಿಗೆ ಬರಂಗಿಲ್ಲನು? ಹಡದಾಕಿ ನೀವು! ಮಗನ ನಿಶ್ಚಯ ಮಾಡಾಕ ಬಂದೀರೋ, ನಮ್ಮ ಮನಿ ಭಾಂಡೆ ಎಣಸಾಕ ಬಂದೀರೋ? ಏಳ್ರಿ ಮ್ಯಾಲ!"

"ಬ್ಯಾಡ್ರಿ ಯಕ್ಕಾ, ಮಂದಿ ಏನಾರ..."

"ಮಂದಿ ಹಡದಾರೇನ ನಿಮ್ಮ ಮಗನ್ನ?"

ಹೀಗೆಂದವಳೇ ಒಂದು ಕೈಯಲ್ಲಿ ಸರ, ಇನ್ನೊಂದು ಕೈಯಲ್ಲಿ ಬೀಗಿತ್ತಿಯ ರಟ್ಟೆ ಹಿಡಿದು ಎಬ್ಬಿಸಿ, ನಡೆಸಿಕೊಂಡು ಹೊರಟೇಬಿಟ್ಟಳು. ಬಾಗಿಲಲ್ಲಿ ನಿಂತವರು ತಾವಾಗಿ ಸರಿದರು. "ಹುಡುಗನ ಅವ್ವ ಬಂದಾಳ, ಹಾದಿ ಬಿಡ್ರಿ! ಏ ತಮ್ಮಾ, ಕ್ಯಾಮರಾ ಇತ್ತ ಮಾಡು!" ಎಂದು ಕೂಗಿದಳು. ಹುಡುಗ ದಡಕ್ಕನೆ ಎದ್ದು ತಾಯಿಗೆ ತನ್ನ ಪಕ್ಕದಲ್ಲೇ ಜಾಗ ಮಾಡಿದ. ಅವನ ಕಣ್ಣು ತುಂಬಿತ್ತು. ನೆಗೆಣ್ಣಿ ಎನ್ನಿಸಿಕೊಂಡಾಕೆ ಅರಿಷಿಣ ಕುಂಕುಮದ ತಾಟನ್ನು ಸುಮ್ಮನೆ ಅವರ ಕೈಗೆ ಕೊಟ್ಟಳು.

ಆಗ ಅತ್ತೆಗೆ ತಾನು ನಿಂತಿರುವುದು ಎಲ್ಲಿ ಎಂದು ಗೊತ್ತಾಯಿತು. ಪಡಸಾಲೆಯ ನಟ್ಟನಡುವೆ, ಎಲ್ಲರ ಮುಂದೆ! ಗಡಬಡಿಸಿ ಸರವನ್ನು ನನ್ನ ಕೈಗೆ ತುರುಕಿ ಹಿಂದಕ್ಕೆ ತಿರುಗಿದಳು. ಬೀಗಿತ್ತಿ ಆಕೆಯ ಸೆರಗು ಹಿಡಿದರು.

"ಈಗ ನೀವ್ಯಾಕ ಒಳಗ ಹೊಂಟ್ರಿ? ಸೊಸಿಗೆ ಸರಾ ಹಾಕ್ರಿ. ನಿಮ್ಮ ಕೈಲೇನ ಹಾಕ್ರಿ ಯಕ್ಕಾ."

ಅತ್ತೆ ನನ್ನನ್ನು ನೋಡಿದಳು. ನಾನು ಸರವನ್ನು ಆಕೆಯ ಕೈಗೆ ವಾಪಸು ಇಟ್ಟೆ.

ಮಗಳು ತಲೆ ಬಗ್ಗಿಸಿ ಜಡೆಯನ್ನು ಮುಂದಕ್ಕೆ ಎಳೆದುಕೊಂಡಳು. ಅತ್ತೆ ಹಿಂದೆ ನಿಂತು ದಾರ ಕಟ್ಟಲು ಹೋದಳು. ಮೊದಲ ಗಂಟು ಬಿಚ್ಚಿಕೊಂಡಿತು. ಇನ್ನೊಮ್ಮೆ ಹಾಕಿದಳು, ಅದೂ ಜಾರಿತು. ಬೀಗಿತ್ತಿ ಎದ್ದು ಬಂದು ಗಂಟು ಜಾರದ ಹಾಗೆ ಅದರ ಮೇಲೆ ತಮ್ಮ ಬೆರಳು ಒತ್ತಿ ಹಿಡಿದರು. ಇಬ್ಬರ ಕೈಗಳೂ ನನ್ನ ಮಗಳ ಕುತ್ತಿಗೆಯ ಮೇಲಿದ್ದವು.

"ಗಟ್ಟಿ ಹಿಡೀರಿ ಬೀಗಿತ್ತಿ," ಎಂದಳು ಅತ್ತೆ, ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ. "ನಾ ಕಟ್ಟೋತನಕ ಬಿಡಬ್ಯಾಡ್ರಿ."