ಯಜಮಾನರ ಏಡಿಯೂಟ

ಇಸೋಬೆ ಯಜಮಾನರು ಬೆಳಗ್ಗೆ ಬೆಳಗ್ಗೆಯೇ ನಕ್ಕರು. ಏಡಿ ಸುಲಿಯುವ ಆಳು ಕುರಮೋಚಿಗೆ ಅನುಮಾನ ಶುರುವಾದದ್ದೇ ಅಲ್ಲಿಂದ.

“ಮಧ್ಯಾಹ್ನ ಎಲ್ರಿಗೂ ಏಡಿಯೂಟ! ದೊಡ್ಡ ಗಂಡೇಡಿ!” ಎಂದು ಶೆಡ್ಡಿನ ಬಾಗಿಲಲ್ಲಿ ಸಾರಿ ಹೋದರು. ಕಾಸುಮಿ ಬಂದರಿನ ಆ ಶೆಡ್ಡಿನಲ್ಲಿ ಜೀವಮಾನವೆಲ್ಲ ಏಡಿ ಸುಲಿದವರಿಗೆ ದಕ್ಕಿದ್ದು ಏಡಿಯ ವಾಸನೆ ಮಾತ್ರ. ಮಾಂಸವೆಲ್ಲ ಒಸಾಕಾದ ಹೊಟ್ಟೆಗಳಿಗೆ.

“ಕೋತಿ ಏಡಿಗೆ ಹಣ್ಣಿನ ಬೀಜ ಕೊಟ್ಟು ಅನ್ನದುಂಡೆ ಹೊಡ್ಕೊಂಡ ಕತೆ ಇದು,” ಎಂದ ಕುರಮೋಚಿ. “ಇವತ್ತು ಹೊಸವರ್ಷದ ರಜೆ ಕೇಳ್ತೀವಿ ಅಂತ ಯಾರೋ ಯಜಮಾನ್ರ ಕಿವಿ ಊದಿದ್ದಾರೆ. ಏಡಿ ಕೈಗೆ ಸಿಕ್ರೆ ಯಾರಾದ್ರೂ ಮಾತಾಡ್ತಾರಾ? ಕಾಲು ಮುರಿಯೋದು, ಕೆದಕೋದು, ಅಷ್ಟೇ!”

“ನಾನಂತೂ ಊದಿಲ್ಲಪ್ಪ,” ಎಂದು ತೊಕಿಯೆ ಅಕ್ಕ ಪಕ್ಕದ ನಿಶಿಗಾಕಿಯನ್ನು ನೋಡಿದಳು. ಅವನು ಅವಳ ಹೊಸ ಬೂಟು ನೋಡಿದ.

“ಬೂಟು ಯಾರು ಕೊಡ್ಸಿದ್ದು ಅಕ್ಕ?”

“ನಿಮ್ಮಪ್ಪ!”

ಹೋದ ವರ್ಷ ರಜೆ ಸಿಗದೆ ಕುರಮೋಚಿ ಹೆಂಡತಿಯನ್ನು ತವರಿಗೆ ಕರೆದೊಯ್ದಿರಲಿಲ್ಲ. “ಈ ಸಲ ಕೈಕೊಟ್ರೆ ಒಬ್ಬಳೇ ಹೋಗ್ತೀನಿ, ವಾಪಸ್ ಬರಲ್ಲ,” ಎಂದಿದ್ದಳು ಅವಳು.

“ರಜೆ ಕೊಡೋವರೆಗೂ ಯಾರೂ ಏಡಿ ಮುಟ್ಬೇಡಿ!” ಎಂದ ಕುರಮೋಚಿ. ಎಲ್ಲರೂ ಒಪ್ಪಿದರು.

ಮಧ್ಯಾಹ್ನ ಮಣ್ಣಿನ ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ಒಪ್ಪಂದ ಹಬೆಯಾಗಿ ಹೋಯಿತು. ಸಾವಿನ ಮನೆಯಲ್ಲೂ ಅಷ್ಟು ಮೌನವಿರುವುದಿಲ್ಲ. ತೊಕಿಯೆ ಅಕ್ಕ ಉಂಗುರ ಕಳೆದುಕೊಂಡವಳ ಹಾಗೆ ಏಡಿಕಾಲಿನೊಳಗೆ ಇಣುಕುತ್ತಿದ್ದಳು. ಕುರಮೋಚಿ ಬಾಯಲ್ಲೂರಿದ ನೀರು ನುಂಗಿ ಎದ್ದು ನಿಂತ.

“ಯಜಮಾನ್ರೇ! ಚಳಿಗೆ ಬೆರಳು ಸೆಟೆದ್ರೂ ಸುಲಿಯೋರು ನಾವು. ನಾವೂ ಮನುಷ್ಯರು. ಹೊಸವರ್ಷಕ್ಕೆ ರಜೆ ಬೇಕು. ಹೌದೋ ಅಲ್ವೋ, ಹೇಳ್ರೋ!”

ಚಿಪ್ಪು ಮುರಿಯುವ ಸದ್ದು. ನಿಶಿಗಾಕಿ ಮೆಲ್ಲಗೆ ಅವನ ತಟ್ಟೆಯನ್ನೂ ತನ್ನತ್ತ ಎಳೆದುಕೊಂಡ.

ಯಜಮಾನರು ಕುರಮೋಚಿಯನ್ನೇ ದಿಟ್ಟಿಸಿದರು. “ನೀನು ಒಂದು ತುಂಡೂ ತಿಂದಿಲ್ವಾ?”

“ಇಲ್ಲ! ಏಡಿ ಕೊಟ್ಟು ನನ್ನನ್ನ ಕೊಂಡ್ಕೊಳ್ಳೋಕಾಗಲ್ಲ!”

ಯಜಮಾನರ ಕಣ್ಣು ತುಂಬಿ ಬಂತು. “ರಜೆ ಕೊಟ್ಟೆ. ಇಷ್ಟು ವರ್ಷ ಯಾಕೆ ಕೊಡ್ಲಿಲ್ಲ ಗೊತ್ತಾ? ತೊಟ್ಟಿ ತುಂಬ ಜೀವಂತ ಏಡಿ. ಕಾಯೋಕೆ ಬಿಟ್ಟೋನೇ ತಿಂದ್ಬಿಟ್ರೆ? ಅದಕ್ಕೇ ಇವತ್ತು ಊಟ ಇಟ್ಟು ನೋಡ್ದೆ. ಮುಟ್ಟದ ಗಂಡಸು ಒಬ್ಬ ಸಿಕ್ಕಿದ! ಎಲ್ರೂ ಊರಿಗೆ ಹೋಗ್ಬನ್ನಿ. ರಜೆ ಪೂರ್ತಿ ಕುರಮೋಚಿ ಕಾವಲಿಗಿರ್ತಾನೆ.”

ಈಗ ಎಲ್ಲರಿಗೂ ಬಾಯಿ ಬಂತು. “ಹಾಗಾದ್ರೆ ಇವನು ಯಜಮಾನ್ರ ಮನುಷ್ಯ!” ಎಂದ ನಿಶಿಗಾಕಿ, ಚಾಪೆ ದೂರ ಸರಿಸುತ್ತ.

ಕುರಮೋಚಿ ಪಾತ್ರೆಗೆ ಹಾರಿದ. ಒಂದು ತುಂಡು, ಒಂದೇ ಒಂದು ತುಂಡು ತಿಂದು ತೋರಿಸಿದರೆ ಬಚಾವಾಗಬಹುದಿತ್ತು. ಸೌಟು ಹಾಕಿ ತಳದವರೆಗೆ ಕೆದಕಿದ.

ಬೆಂದ ಎಲೆಕೋಸು ಬಂತು.

“ನಾಟಕ ಸಾಕು, ಕಾವಲುಗಾರಪ್ಪ,” ಎಂದು ತೊಕಿಯೆ ಅಕ್ಕ ಬೆರಳು ನೆಕ್ಕಿದಳು.