ಕಾಕಾನ ಟವೆಲ್ ಮತ್ತು ನನ್ನ ಮಗಳ ನೌಕರಿ

ಮೊದಲು ಖರ್ಚು ಹೇಳಿಬಿಡುತ್ತೇನೆ. ಮಗಳು ಯಾವ ಕೆಲಸಕ್ಕೆ ಹೋಗಬೇಕು ಎಂಬ ಒಂದೇ ಪ್ರಶ್ನೆಗೆ ಕಲಬುರಗಿಯ ಸಲಹೆಗಾರನೊಬ್ಬನಿಗೆ ಒಂದೂವರೆ ಸಾವಿರ ತೆತ್ತೆ. (ಎರಡೂವರೆ ಹೇಳಿದ್ದ. ಇಳಿಸಿದೆ.) ಸರಸಂಬಾದ ನಮ್ಮ ಕಾಕಾನಿಗೆ ಕೊಟ್ಟದ್ದು ಒಂದು ಟವೆಲ್. ನೂರಾ ಇಪ್ಪತ್ತರದ್ದು, ತೊಂಬತ್ತಕ್ಕೆ ತಂದೆ. ಎರಡು ಖರ್ಚು ಯಾಕೆ ಬೇಕಾಯಿತು ಎಂದರೆ, ಮೊದಲನೆಯವನು ನಮ್ಮ ಹುಡುಗಿಯನ್ನು ಕಂಪ್ಯೂಟರಿನ ಮುಂದೆ ಕೂರಿಸಿ, ನೂರಾರು ಪ್ರಶ್ನೆ ಕೇಳಿ, ಕೊನೆಗೆ ಬಣ್ಣದ ಕಾಗದದ ಮೇಲೆ ಬರೆದುಕೊಟ್ಟದ್ದು ಇಷ್ಟು: ಇವಳು ವಿಮಾನ ಹಾರಿಸಬಹುದು, ಇಲ್ಲವೇ ಚಿತ್ರ ಬರೆಯಬಹುದು. ನಮ್ಮ ಜೇವರ್ಗಿಯಲ್ಲಿ ವಿಮಾನ ಎಲ್ಲಿ ನಿಲ್ಲಿಸೋಣ ಹೇಳಿ!

ಇನ್ನು ನಮ್ಮ ಕಾಕಾ. ಹುಟ್ಟಿದಾಗಿನಿಂದ ಈ ಮನುಷ್ಯ ಯಾರಿಗೂ ಒಂದು ಸಲಹೆ ಕೊಟ್ಟವನಲ್ಲ. ಆದರೂ ನೌಕರಿಯ ವಿಷಯದಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕಿನ ಜನ ಅವನ ಕಟ್ಟೆಗೇ ಬರುತ್ತಾರೆ!

ಕಾಕಾ ನಲವತ್ತು ವರ್ಷ ದನದ ಸಂತೆಯಲ್ಲಿ ದಲಾಲಿ ಮಾಡಿದವನು. ನೀವು ಸಂತೆ ನೋಡಿದ್ದರೆ ಗೊತ್ತಿರುತ್ತದೆ, ಅಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇಬ್ಬರ ಕೈಗಳ ಮೇಲೆ ಒಂದು ಟವೆಲ್ ಬೀಳುತ್ತದೆ. ಒಳಗೆ ಬೆರಳು ಹಿಡಿದು ಹಿಡಿದು ವ್ಯಾಪಾರ ಮುಗಿಯುತ್ತದೆ. ಸುತ್ತ ನಿಂತ ಐವತ್ತು ಜನರಿಗೆ ಕಾಣುವುದು ಟವೆಲ್ ಮಾತ್ರ. ಸಂತೆಯಿಂದ ನಿವೃತ್ತನಾದ ಮೇಲೆ ಕಾಕಾ ಅದೇ ಪದ್ಧತಿಯನ್ನು ಮನುಷ್ಯರಿಗೆ ಅಳವಡಿಸಿದ. ಪ್ರಶ್ನೆಯನ್ನು ಎಲ್ಲರೆದುರು ಜೋರಾಗಿ ಕೇಳುತ್ತಾನೆ. ಉತ್ತರ ಟವೆಲ್ಲಿನ ಒಳಗೆ. ಐದು ಬೆರಳು ಹಿಡಿದರೆ ಆ ಕೆಲಸ ಬೇಕೇ ಬೇಕು. ಒಂದು ಹಿಡಿದರೆ ಮನೆಯವರ ಕಾಟಕ್ಕೆ. ಮುಷ್ಟಿ ಕಟ್ಟಿದರೆ, ಕೊಂದರೂ ಒಲ್ಲೆ.

"ಬಾಯಿ ಅನ್ನೂದು ನಿಮ್ಮಪ್ಪನ ಮುಂದ ಒಂದ ಹೇಳ್ತದ, ಗೆಳೆಯಾರ ಮುಂದ ಒಂದ ಹೇಳ್ತದ," ಎನ್ನುತ್ತಾನೆ ಕಾಕಾ. "ಬೆರಳಿಗಿ ಅಷ್ಟು ಶಾಣ್ಯಾತನ ಇಲ್ಲ."

ಫೀಸು ಒಂದು ಹೊಸ ಟವೆಲ್. ಹೀಗೆ ಬಂದ ಟವೆಲ್ಲುಗಳಿಂದ ಅವನ ಮನೆ ತುಂಬಿಹೋಗಿದೆ. ಕಿಟಕಿಗೆ ಪರದೆ ಟವೆಲ್, ಟಿವಿಗೆ ಹೊದಿಕೆ ಟವೆಲ್, ಅವನ ಹೆಂಡತಿ, ನಮ್ಮ ಕಾಕು, ರೊಟ್ಟಿ ಸುತ್ತಿಡುವುದೂ ಟವೆಲ್ಲಿನಲ್ಲೇ.

ಒಮ್ಮೆ ನಾನಿದ್ದಾಗಲೇ ಅಫಜಲಪುರದ ಕಡೆಯ ಗುಮಾಸ್ತರೊಬ್ಬರು ಮಗನನ್ನು ಕರೆತಂದಿದ್ದರು. ಹುಡುಗ ಪೊಲೀಸ್ ಆಗಬೇಕೆಂಬುದು ತಂದೆಯ ಹಟ. ಕಾಕಾ ಹುಡುಗನನ್ನು ಬೇವಿನ ಮರದವರೆಗೆ ನಡೆಸಿದ, ವಾಪಸ್ ನಡೆಸಿದ, ಹಲ್ಲು ತೋರಿಸು ಎಂದ.

"ಇದ್ಯಾಕ್ರಿ ದಲಾಲರ, ಎತ್ತು ನೋಡ್ದಂಗ ನೋಡಾಕತ್ತೀರಿ?" ಎಂದು ತಂದೆ ಸಿಟ್ಟಾದರು.

"ರೂಢಿ ಬಿಡಂಗಿಲ್ರಿ. ಬಾಲ ಹಿಡೀಲಿಲ್ಲಲ್ಲ, ಸಮಾಧಾನ ಮಾಡ್ಕೋರಿ!"

ಆಮೇಲೆ ಟವೆಲ್ ಬಿತ್ತು. ಪೊಲೀಸಾ? ಮಾಸ್ತರಿಕೀನಾ? ಮೋಟಾರ್ ರಿಪೇರೀನಾ? ಹುಡುಗ ಒಳಗೆ ಏನು ಹಿಡಿದನೋ, ಕಾಕಾ ತಲೆದೂಗಿದ.

"ಏನಂದ?" ಎಂದರು ತಂದೆ.

"ಅದು ಅಂವಂದು. ಈಗ ನಿಮ್ಮ ಕೈ ಕೊಡ್ರಿ. ನಿಮ್ಮ ಗುಮಾಸ್ತಿಕಿ, ನಿಮಗ ಬೇಕಾಗಿತ್ತು?"

ಗುಮಾಸ್ತರು ಟವೆಲ್ಲಿನೊಳಗೆ ಕೈ ಹಾಕಿದರು. ಹೊರಗೆ ತೆಗೆದವರು ಪೊಲೀಸಿನ ಮಾತು ಬಿಟ್ಟು ಒಂದು ಕಪ್ ಚಹಾ ಕೇಳಿದರು. ಆ ಹುಡುಗ ಈಗ ಸುಟ್ಟ ಮೋಟಾರಿಗೆ ಹೊಸ ತಂತಿ ಸುತ್ತುತ್ತಾನೆ. ಮೊನ್ನೆ ನಮ್ಮ ಹಿಟ್ಟಿನ ಗಿರಣಿಯದನ್ನೂ ಅವನೇ ಸುತ್ತಿಕೊಟ್ಟ. ಕೆಲಸ ಒಳ್ಳೆಯದು, ರೇಟು ಸ್ವಲ್ಪ ಜಾಸ್ತಿ.

ಗಿರಣಿ ಎಂದೆನಲ್ಲ, ಅದು ನನ್ನದು. ವಿಜಯಪುರ ರಸ್ತೆಯಲ್ಲಿ ನನ್ನ ರೊಟ್ಟಿ ಕೇಂದ್ರ ಇದೆ. ಒಂದು ಹಂಚು, ಹಿಟ್ಟು ನಾದುವ ಒಂದು ಕೊಣಮಿಗೆಯಿಂದ ಶುರು ಮಾಡಿ ಇವತ್ತು ಇಪ್ಪತ್ತು ಹೆಂಗಸರು ಖಡಕ್ ರೊಟ್ಟಿ ಬಡಿಯುವವರೆಗೆ ತಂದವಳು ನಾನು. ನನಗೆ ಯಾರೂ ಸಲಹೆ ಕೊಡಲಿಲ್ಲ. ಅದಕ್ಕೇ ಏನೋ, ಕೇಳದವರಿಗೂ ನಾನು ಕೊಡುತ್ತಿರುತ್ತೇನೆ!

ಮಗಳು ರಸಾಯನಶಾಸ್ತ್ರದಲ್ಲಿ ಡಿಗ್ರಿ ಮುಗಿಸಿದಳು. ಹವಳಗಾದ ಸಕ್ಕರೆ ಕಾರ್ಖಾನೆಯ ಲ್ಯಾಬಿನಿಂದ ಕೆಲಸಕ್ಕೆ ಕರೆ ಬಂತು, ಹೋದರೆ ಅಲ್ಲೇ ಉಳಿಯಬೇಕು. ಸೋಮವಾರದೊಳಗೆ ಉತ್ತರ ಕೊಡಬೇಕು. ನನ್ನ ಲೆಕ್ಕವೇ ಬೇರೆ ಇತ್ತು. ರೊಟ್ಟಿ ಕೇಂದ್ರವನ್ನು ಅವಳ ಕೈಗೆ ಕೊಟ್ಟು, ಪುಣೆ, ಹೈದರಾಬಾದಿನವರೆಗೆ ಬೆಳೆಸಬೇಕು ಅಂತ. ಮಗಳನ್ನು ಕೇಳಿದರೆ "ನೀ ಹೆಂಗ ಹೇಳ್ತಿ ಹಂಗ, ಅವ್ವಾ" ಎನ್ನುತ್ತಾಳೆ. ನಮ್ಮ ಮನೆಯವರನ್ನು ಕೇಳಿದರೆ ಅವರೂ "ನೀ ಹೇಳ್ದಂಗ" ಎನ್ನುತ್ತಾರೆ. ಇಪ್ಪತ್ತಾರು ವರ್ಷದಿಂದ ಅವರ ಸಲಹೆ ಬದಲಾಗಿಲ್ಲ. ಕಲಬುರಗಿಯವನು ವಿಮಾನ ಹತ್ತಿಸಿದ ಮೇಲೆ ಉಳಿದವನು ಕಾಕಾ ಒಬ್ಬನೇ.

ವ್ಯಾಪಾರಕ್ಕೆ ತಯಾರಿಯಿಲ್ಲದೆ ಹೋಗುವವಳು ನಾನಲ್ಲ. ಬಸ್ಸಿನಲ್ಲೇ ಮಗಳಿಗೆ ಪಾಠ ಹೇಳಿದೆ. "ರೊಟ್ಟಿ ಕೇಂದ್ರ ಅಂದಾಗ ಐದು ಬೆರಳು. ಕಾರ್ಖಾನಿ ಅಂದಾಗ ಒಂದು. ನೆನಪಿರ್ತದಿಲ್ಲ?" ಅವಳು ಕಿಟಕಿಯ ಹೊರಗೆ ತೊಗರಿ ಹೊಲ ನೋಡುತ್ತ ಹೂಂ ಎಂದಳು.

ಕಟ್ಟೆಯ ಮೇಲೆ ಕೂತ ಕೂಡಲೇ ಕಾಕಾ ನನ್ನ ಟವೆಲ್ಲನ್ನು ಮೂಸಿ, ಎಳೆದು ನೋಡಿ, ಮಗಳ ಕೈ ಮೇಲೆ ಹಾಕಿದ. ಪ್ರಶ್ನೆಗೆ ಮೊದಲೇ ಕೇಳಿದ.

"ನಿಮ್ಮವ್ವ ಎಷ್ಟು ಬೆರಳು ಹೇಳಿ ಕರ್ಕೊಂಡು ಬಂದಾಳ?"

"ಐದು, ಮುತ್ಯಾ," ಎಂದುಬಿಟ್ಟಳು ದ್ರೋಹಿ!

"ಅದು ಅಕಿ ರೇಟು. ಈಗ ನಿಂದು ಹೇಳು. ರೊಟ್ಟಿ ಕೇಂದ್ರ?"

ಟವೆಲ್ ಅಲುಗಿತು. ನಾನು ಬಗ್ಗಿ ಉಬ್ಬು ಎಣಿಸಲು ನೋಡಿದೆ.

"ಕಣ್ಣು ಆಕಡಿ ಮಾಡು ಬೇ! ಎಂಥಾ ಎಂಥಾ ಗಿರಾಕಿ ನೋಡೀನಿ ನಾ," ಎಂದು ಗದರಿದ. "ಲ್ಯಾಬು?"

ಟವೆಲ್ ಮತ್ತೆ ಅಲುಗಿತು. ಕಾಕಾನ ಮುಖದಲ್ಲಿ ಏನೂ ಕಾಣಲಿಲ್ಲ. ನಲವತ್ತು ವರ್ಷ ಸಂತೆ ಮಾಡಿದ ಮುಖ ಅದು.

"ಈಗ ನೀ ಕೊಡು ಕೈ," ಎಂದ ನನಗೆ.

"ನನಗ್ಯಾಕ ಕಾಕಾ? ನೌಕರಿ ಅಕೀಗಿ."

"ಕೊಡು ಅಂದೆ. ಮಗಳು ರೊಟ್ಟಿ ಕೇಂದ್ರ ನಡಸಬೇಕು?"

ಐದೂ ಬೆರಳು ಗಟ್ಟಿಯಾಗಿ ಹಿಡಿದೆ. ವ್ಯಾಪಾರ ಮೇಲಿನಿಂದಲೇ ಶುರು ಮಾಡಬೇಕು.

"ಅಕಿ ಇಲ್ಲಂದ್ರ ನಿನಗ ನಡಸಾಕ ಆಗಂಗಿಲ್ಲ?"

ಇದೇನು ಮಾತು! ಹದಿನೆಂಟು ವರ್ಷ ನಡೆಸಿದವಳು ನಾನು. ಸಿಟ್ಟಿನಿಂದ ಮುಷ್ಟಿ ಕಟ್ಟಿದೆ. ಕಟ್ಟಿದ ಮೇಲೆ ಗೊತ್ತಾಯಿತು, ಅವಳಿಲ್ಲದೆಯೂ ಕೇಂದ್ರ ನಡೆಯುತ್ತದೆ ಎಂದು ಒಪ್ಪಿಕೊಂಡೆ ಅಂತ.

ಕಾಕಾ ಮೂರನೆಯದನ್ನು ಮೆಲ್ಲಗೆ ಕೇಳಿದ. "ಮತ್ತ ಸಂಜೀಕಿ ಅಕಿ ಮನಿಗಿ ಬರಬೇಕು ನಿನಗ. ಅಷ್ಟ ಏನ?"

ಎಷ್ಟು ಬೆರಳು ಹಿಡಿಯಬೇಕಿತ್ತೋ ತಿಳಿಯಲಿಲ್ಲ. ಅವನ ಇಡೀ ಕೈಯನ್ನೇ ಹಿಡಿದುಕೊಂಡೆ. ಹಗ್ಗ ಜಗ್ಗಿ ಜಗ್ಗಿ ಒರಟಾದ ಕೈ. ಅವನು ಬಿಡಿಸಿಕೊಳ್ಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಟವೆಲ್ಲನ್ನು ನನ್ನ ಕಡೆ ಸರಿಸಿದ.

"ಧೂಳಾ ಭಾಳ ಅದ ಇವತ್ತ. ಮುಖ ವರಸ್ಕೋ."

ಧೂಳು ಎಲ್ಲಿತ್ತು? ಒಂದು ಎಲೆಯೂ ಅಲುಗುತ್ತಿರಲಿಲ್ಲ.

ಮಗಳು ನನ್ನ ಬಳಿ ಸರಿದು ಕೂತಳು. "ಅವ್ವಾ, ಹವಳಗಾ ಏನು ಪರದೇಶ ಅದ?"

"ಲ್ಯಾಬಿಗಿ ಐದು ಹಿಡಿದ್ಯಾ?" ಎಂದು ಕೇಳಿದೆ.

"ಎರಡೂ ಕೈ ಹಾಕಾಕ ಮುತ್ಯಾ ಬಿಡಲಿಲ್ಲ!" ಎಂದು ನಕ್ಕಳು. ಇಷ್ಟು ದಿನ "ನೀ ಹೇಳ್ದಂಗ" ಎನ್ನುತ್ತಿದ್ದ ಹುಡುಗಿಗೆ ಇಂಥ ನಗು ಇತ್ತೆಂದು ಮರೆತೇಹೋಗಿತ್ತು ನನಗೆ. ಅಂದೇ ಕಾಕಾನ ಕಟ್ಟೆಯಿಂದಲೇ ಮೊಬೈಲಿನಲ್ಲಿ ಉತ್ತರ ಬರೆದಳು. ನಾನು ಓದಿ ನೋಡಿದೆ, ತಿದ್ದಲಿಲ್ಲ.

ಈಗ ನಿಮಗೆ ನಾಲ್ಕು ಮಾತು. ಮಕ್ಕಳಿಗೆ ಸಲಹೆಗಾರರನ್ನು ಹುಡುಕುವಾಗ ಆ ಮನುಷ್ಯನಿಗೆ ಎಷ್ಟು ಗೊತ್ತು ಎಂದು ಆಮೇಲೆ ನೋಡಿ. ಮಕ್ಕಳ ನಿರ್ಧಾರದಿಂದ ಅವನಿಗೆ ಏನಾದರೂ ಬರುವುದಿದೆಯೇ, ಹೋಗುವುದಿದೆಯೇ ಎಂದು ಮೊದಲು ನೋಡಿ. ಆ ಲೆಕ್ಕದಲ್ಲಿ ತಾಯಂದಿರು ಮೊದಲ ಸುತ್ತಿಗೇ ಹೊರಗೆ, ನಾನೇ ಸಾಕ್ಷಿ. ನಿಮಗೆ ಏನು ಬೇಕು ಎಂಬುದನ್ನು ಸಲಹೆಯ ವೇಷ ಹಾಕಿಸದೆ ಒಮ್ಮೆ ಬಾಯಿಬಿಟ್ಟು ಹೇಳಿಬಿಡಿ, ಮಕ್ಕಳು ಅಷ್ಟು ಕಲ್ಲಲ್ಲ. ಮಗಳನ್ನು ನೋಡಲು ಹವಳಗಾದ ಕಡೆ ಹೊರಟರೆ ಅಫಜಲಪುರದಲ್ಲಿ ಬಸ್ಸು ಬದಲಿಸಬೇಕಾದೀತು, ರೊಟ್ಟಿಯ ಗಂಟನ್ನು ಸೀಟಿನ ಕೆಳಗಿಡಬೇಡಿ, ತೊಡೆಯ ಮೇಲಿಟ್ಟುಕೊಳ್ಳಿ, ಮುರಿಯುವುದಿಲ್ಲ. ಮತ್ತೆ, ಹೋದ ಕೂಡಲೇ "ಊರಿಗಿ ಯಾವಾಗ ಬರ್ತಿ?" ಎಂದು ಕೇಳಬೇಡಿ. ಹೊರಡುವಾಗ ಕೇಳೋಣ ಎಂದು ತಡೆದುಕೊಳ್ಳಿ. ಅಷ್ಟರೊಳಗೆ ಅವಳೇ ಹೇಳಿರುತ್ತಾಳೆ.